ಕೀಲಿ, ಕೊಬ್ಬರಿ ಮತ್ತು ಸೋದರಿ ನಿಕಿತಾ

ಅರಸೀಕೆರೆಯ ತೆಂಗು ಬೆಳೆಗಾರರ ಸಹಕಾರ ಸಂಘವೊಂದರ ಗಣಕ ವಿಭಾಗದಲ್ಲಿ ನನ್ನ ಸೇವೆಯೆಲ್ಲ ಕಳೆಯಿತು. ವಿಭಾಗವೆಂಬುದು ಹೆಸರಿಗೆ ಮಾತ್ರ. ಬಹುಕಾಲ ಅದರಲ್ಲಿದ್ದವಳು ನಾನೊಬ್ಬಳೇ. ಈಗ ಅಲ್ಲಿಗೆ ಇಬ್ಬರು ಹೊಸಬರು ಬಂದಿದ್ದಾರೆ. ಅವರಲ್ಲಿ ಚೈತ್ರಾ ಎಂಬಾಕೆ ಒಂದು ಭಾನುವಾರ ಮನೆಗೆ ಬಂದು, “ಮೇಡಂ, ಕೆಲಸ ಏನು ಅಂತ ಆರ್ಡರ್‌ನಲ್ಲಿ ಬರ್ದಿದ್ದಾರೆ. ನಿಜವಾಗ್ಲೂ ಏನಿರುತ್ತೆ ಅಂತ ನೀವು ಬರ್ದುಕೊಡಿ,” ಎಂದಳು.

ಒಪ್ಪಿಕೊಂಡೆನಾದರೂ ಪೆನ್ನು ಹಿಡಿದಾಗ ಅಳುಕಾಯಿತು. ನಮ್ಮ ಮನೆಯಲ್ಲಿ ಪದವಿ ಓದಿದವರಲ್ಲಿ ನಾನೇ ಮೊದಲು. ತಂದೆಯವರು ಕೊಬ್ಬರಿ ಮಂಡಿಯ ಹಿಂದಿನ ಷೆಡ್ಡಿನಲ್ಲಿ ಕಾಯಿ ಸುಲಿಯುತ್ತಿದ್ದರು. ಹೀಗೆ ಬಂದವರಿಗೆ ಒಂದು ಹೆದರಿಕೆ ಕೊನೆಯವರೆಗೂ ಉಳಿಯುತ್ತದೆ. ಒಂದು ಪದ ತಪ್ಪಿದರೆ ಸಾಕು, ಓದಿದ್ದೇ ಸುಳ್ಳೆಂದು ಯಾರಾದರೂ ಅಂದುಬಿಟ್ಟಾರು ಎಂಬ ಹೆದರಿಕೆ. ಆದ್ದರಿಂದ ಕಚೇರಿಯ ಟಿಪ್ಪಣಿಗಳಲ್ಲಿ ನಾನು ಕಂಪ್ಯೂಟರ್ ಎಂದು ಬರೆದವಳಲ್ಲ, ಗಣಕಯಂತ್ರವೆಂದೇ ಬರೆದವಳು. ಸಾಫ್ಟ್‌ವೇರ್ ತಂತ್ರಾಂಶವಾಗುತ್ತಿತ್ತು, ಕೀಬೋರ್ಡು ಕೀಲಿಮಣೆಯಾಗುತ್ತಿತ್ತು. ನನ್ನ ಸೇವೆಯ ಅತಿ ದೊಡ್ಡ ಫಜೀತಿ ಹುಟ್ಟಿದ್ದು ಈ ಎಚ್ಚರಿಕೆಯಿಂದಲೇ. ಅತಿ ಒಳ್ಳೆಯ ಪರಿಚಯವೊಂದು ದೊರೆತದ್ದೂ ಅದರಿಂದಲೇ. ಬಡ್ತಿಗಳ ವಿಷಯವನ್ನು ಸೇವಾ ಪುಸ್ತಕಕ್ಕೆ ಬಿಟ್ಟು ಇದನ್ನು ಬರೆಯುತ್ತೇನೆ.

ನಮ್ಮ ಸಂಘಕ್ಕೆ ಅರಸೀಕೆರೆಯಲ್ಲಿ ಮುಖ್ಯ ಕಚೇರಿ, ಬೇಲೂರು ಮತ್ತು ಹಳೇಬೀಡುಗಳಲ್ಲಿ ಶಾಖೆಗಳು. ಮೂರೂ ಕಡೆ ಕನ್ನಡ ಬೆರಳಚ್ಚಿಗೆ ಒಂದು ಪುಟ್ಟ ತಂತ್ರಾಂಶವನ್ನು ಬಳಸುತ್ತಿದ್ದೆವು. ಬೇಲೂರಿನವರಾದ ಎಂಜಿನಿಯರೊಬ್ಬರು ಅದನ್ನು ಸ್ವಂತ ಆಸಕ್ತಿಯಿಂದ ಬರೆದು ಯಾರು ಬೇಕಾದರೂ ಬಳಸಲಿ, ಬಿಚ್ಚಿ ನೋಡಲಿ ಎಂದು ಬಿಟ್ಟುಕೊಟ್ಟಿದ್ದರು. ನಾವೆಲ್ಲ ಅದನ್ನು ಬೇಲೂರು ಕೀಲಿಮಣೆ ಎನ್ನುತ್ತಿದ್ದೆವು. ಅದರ ಕೆಲಸ ಸರಳ. ನಾವು ಒತ್ತಿದ ಇಂಗ್ಲಿಷ್ ಅಕ್ಷರವನ್ನು ಅದು ದಾರಿಯಲ್ಲೇ ತಡೆದು, ಕನ್ನಡದ ಅಕ್ಷರವಾಗಿ ಬದಲಿಸಿ ಪರದೆಗೆ ಕಳಿಸುತ್ತಿತ್ತು. ಸದಸ್ಯರ ಹೆಸರು, ಸರ್ವೆ ನಂಬರು, ಊರು ಎಲ್ಲವೂ ಆ ಅಕ್ಷರದಲ್ಲೇ ಇದ್ದುದರಿಂದ ಅದು ನಿಂತರೆ ಸಂಘವೇ ನಿಂತಂತೆ.

ನಾನು ಸೇರಿದ ಕೆಲವು ವರ್ಷಗಳ ತರುವಾಯ ಯಂತ್ರಗಳಿಗೆ ವೈರಸ್ ತಗುಲದಿರಲೆಂದು ಒಂದು ವಿದೇಶಿ ರಕ್ಷಣಾ ತಂತ್ರಾಂಶವನ್ನು ತರಿಸಿದೆವು. ಅದು ದೂರದ ಒಂದು ಚಳಿದೇಶದ ಕಂಪನಿಯದು. ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಓದುವವರ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ. ಅದನ್ನು ಹಾಕಿದ ದಿನವೇ ಪರದೆಯ ಮೇಲೆ ಕೆಂಪು ಎಚ್ಚರಿಕೆಯೊಂದು ಮೂಡಿತು. ನೀವು ಒತ್ತುವ ಕೀಗಳನ್ನು ಒಂದು ತಂತ್ರಾಂಶ ಕದ್ದು ಗಮನಿಸುತ್ತಿದೆ ಎಂಬುದು ಅದರ ಸಾರಾಂಶ. ಬೇರಾವುದೂ ಅಲ್ಲ, ನಮ್ಮ ಬೇಲೂರು ಕೀಲಿಮಣೆಯನ್ನೇ ಅದು ಹಿಡಿದಿತ್ತು. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶವೂ ಒತ್ತಿದ ಅಕ್ಷರವನ್ನು ದಾರಿಯಲ್ಲೇ ತಡೆಯುತ್ತದೆ, ಕನ್ನಡ ಬರೆಸುವ ತಂತ್ರಾಂಶವೂ ತಡೆಯುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ.

ನಾನು ನಿಘಂಟು ನೋಡಿಕೊಂಡು ಅಧ್ಯಕ್ಷರಿಗೆ ಟಿಪ್ಪಣಿ ಬರೆದೆ: “ಸಂಘದ ಕೀಲಿಗಳ ವಿವರವು ಗುಪ್ತವಾಗಿ ಹೊರಗಿನವರ ಪಾಲಾಗುತ್ತಿರುವ ಸಂಶಯವಿದೆ. ಮೂರೂ ಕಚೇರಿಗಳಲ್ಲಿ ತುರ್ತು ಕ್ರಮ ಅಗತ್ಯ.” ಪ್ರತಿಗಳನ್ನು ಶಾಖೆಗಳಿಗೂ ಕಳಿಸಿದೆ. ವಾಕ್ಯ ಚೆನ್ನಾಗಿ ಬಂದಿದೆಯೆಂದು ಸಂತೋಷವೂ ಆಗಿತ್ತು.

ಆಗಿನ ಅಧ್ಯಕ್ಷರು ಶಿವಲಿಂಗಪ್ಪನವರು. ಸ್ವತಃ ತೋಟವುಳ್ಳವರು, ಕೊಬ್ಬರಿ ವ್ಯಾಪಾರವನ್ನೂ ಬಲ್ಲವರು, ಹಣೆಗೆ ವಿಭೂತಿಯಿಲ್ಲದೆ ಕಚೇರಿಗೆ ಬಂದವರಲ್ಲ. ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಗೋದಾಮಿನ ಮುಂದೆ ಬೀಗ ರಿಪೇರಿಯವರು ಕುಳಿತಿದ್ದರು. ಹಳೆಯ ಬೀಗಗಳೆಲ್ಲ ಒಂದು ಗೋಣಿಚೀಲದಲ್ಲಿದ್ದವು.

“ಏನ್ ಸಾರ್ ಇದು?” ಎಂದೆ.

“ನೀನೇ ಬರ್ದಿದ್ದೀಯಲ್ಲಮ್ಮ, ಕೀಲಿ ಹೊರಗಿನೋರ ಪಾಲಾಗೈತೆ ಅಂತ. ಗೋಡೌನು, ತಿಜೋರಿ, ನನ್ನ ರೂಮು, ಎಲ್ಲಾದಕ್ಕೂ ಹೊಸಾ ಬೀಗ ಹಾಕ್ಸಿದ್ದೀನಿ. ಯಾರ ಮ್ಯಾಲೆ ಅನುಮಾನ ಐತೆ, ಅದನ್ನ ಹೇಳು.”

ಕೀಲಿಯೆಂದರೆ ಇಲ್ಲಿ ಕೀಬೋರ್ಡಿನ ಗುಂಡಿಯೆಂದು ನಾನು ವಿವರಿಸಿದೆ. ಅವರು ಗೋಣಿಚೀಲದ ಕಡೆಗೊಮ್ಮೆ ನೋಡಿದರು. “ಗುಂಡಿ ಅಂತ ಬರೆಯೋಕೆ ಏನಾಗಿತ್ತಮ್ಮ ನಿಂಗೆ?” ಎಂದರು.

ಬೇಲೂರಿನ ಶಾಖಾ ವ್ಯವಸ್ಥಾಪಕರಾದ ಪುಟ್ಟಸ್ವಾಮಿಯವರದು ಇನ್ನೂ ಚೆಂದದ ಕಥೆ. ಅವರೂ ಬೀಗ ಬದಲಿಸಿದರು. ಹೊಸ ಕೀಲಿಕೈ ಯಾವ ತಂತ್ರಾಂಶದ ಕಣ್ಣಿಗೂ ಬೀಳಬಾರದೆಂದು ಅದನ್ನು ಕಚೇರಿಯೊಳಗಿನ ಕಬ್ಬಿಣದ ಬೀರುವಿನಲ್ಲಿ ಭದ್ರಪಡಿಸಿ, ಹೊರಗೆ ಬಂದು, ಹೊಸ ಬೀಗವನ್ನು ಒತ್ತಿ ಹಾಕಿಬಿಟ್ಟರು. ಮರುದಿನ ಆ ಬೀಗವನ್ನು ಒಡೆಸಬೇಕಾಯಿತು. ಒಡೆದ ಬೀಗವನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದು ನನ್ನ ಮೇಜಿನ ಮೇಲಿಟ್ಟರು.

“ತಗೊಳ್ಳಿ ನಾಗರತ್ನಮ್ಮ, ನಿಮ್ಮ ವೈರಸ್ ಸಿಕ್ತು.”

ಅಂದಿನಿಂದ ಮೂರೂ ಕಚೇರಿಗಳಲ್ಲಿ ವೈರಸ್ ಎಂದರೆ ಬೀಗವೆಂಬ ತಮಾಷೆ ಖಾಯಂ ಆಗಿ ಉಳಿದುಬಿಟ್ಟಿತು. ನನ್ನ ಮೇಲಧಿಕಾರಿಗಳು ಇದಕ್ಕಾಗಿ ನನಗೆ ಜ್ಞಾಪನಾಪತ್ರ ನೀಡಬಹುದಿತ್ತು. ಶಿವಲಿಂಗಪ್ಪನವರು ಮಾತ್ರ, “ಹಳೇ ಬೀಗ ಹೆಂಗೂ ತುಕ್ಕು ಹಿಡಿದಿದ್ವು, ಬಿಡಮ್ಮ,” ಎಂದು ಮುಗಿಸಿದರು. ಹೊಸದಾಗಿ ಸೇರುವವರಿಗೆ ನನ್ನ ಮೊದಲ ಮಾತು ಇದೇ: ಟಿಪ್ಪಣಿಯನ್ನು ಯಾರು ಓದುತ್ತಾರೋ ಅವರ ಮನೆಯಲ್ಲಿ ಆ ಪದಕ್ಕೆ ಏನರ್ಥವೆಂದು ಒಮ್ಮೆ ಯೋಚಿಸಿರಿ.

ಬೀಗಗಳು ಬದಲಾದವು, ಆದರೆ ತೊಂದರೆ ಹಾಗೆಯೇ ಉಳಿಯಿತು. ರಕ್ಷಣಾ ತಂತ್ರಾಂಶವು ಬೇಲೂರು ಕೀಲಿಮಣೆಯನ್ನು ಪದೇ ಪದೇ ಹಿಡಿದು ಬದಿಗೆ ಹಾಕುತ್ತಿತ್ತು. ಕೊನೆಗೆ ನಾನು ಧೈರ್ಯ ಮಾಡಿ ಆ ಕಂಪನಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆದೆ. ನಿಕಿತಾ ಎಂಬವರಿಂದ ಉತ್ತರ ಬಂತು. ಹೆಸರು ನೋಡಿ ನನಗೆ ಧೈರ್ಯ ಬಂತು. ನಮ್ಮ ಬೀದಿಯಲ್ಲೇ ಒಬ್ಬಳು ನಿಕಿತಾ ಇದ್ದಳು, ಹೈಸ್ಕೂಲು ಓದುತ್ತಿದ್ದಳು. ಹೆಣ್ಣುಮಗಳೊಬ್ಬಳು ಅಷ್ಟು ದೊಡ್ಡ ಕಂಪನಿಯಲ್ಲಿ ಎಂಜಿನಿಯರ್ ಆಗಿರುವುದಕ್ಕೆ ಅಭಿನಂದಿಸಿ, “ಪ್ರಿಯ ಸೋದರಿ ನಿಕಿತಾ” ಎಂದು ಆರಂಭಿಸಿ ದೀರ್ಘವಾದ ಉತ್ತರ ಬರೆದೆ. ಮನೆಯ ಕೆಲಸ, ಕಚೇರಿಯ ಕೆಲಸ ಎರಡನ್ನೂ ನಾವು ಹೆಂಗಸರು ಹೇಗೆ ನಿಭಾಯಿಸುತ್ತೇವೆ ಎಂಬುದನ್ನೂ ನಾಲ್ಕು ಸಾಲು ಸೇರಿಸಿದೆ.

ಮರುದಿನ ಬಂದ ಉತ್ತರದಲ್ಲಿ ಅವರು ಹೀಗೆ ತಿಳಿಸಿದ್ದರು: ತಮ್ಮ ದೇಶದಲ್ಲಿ ನಿಕಿತಾ ಎಂಬುದು ಗಂಡಸರ ಹೆಸರು, ತಮಗೆ ಗಡ್ಡವೂ ಇದೆ, ಆದರೂ ಇಷ್ಟು ಗೌರವದ ಪತ್ರ ತಮಗೆ ಹಿಂದೆ ಬಂದಿಲ್ಲವಾದ್ದರಿಂದ ಸೋದರಿಯಾಗಿ ಮುಂದುವರಿಯಲು ಅಡ್ಡಿಯಿಲ್ಲ. ಆ ದಿನ ಪೂರ್ತಿ ನನ್ನ ಕಿವಿ ಬಿಸಿಯಾಗಿತ್ತು. ಆದರೆ ಅವರ ಇಂಗ್ಲಿಷೂ ನನ್ನದರಂತೆ ಶಾಲೆಯಲ್ಲಿ ಕಷ್ಟಪಟ್ಟು ಕಲಿತದ್ದೆಂದು ಗೊತ್ತಾಗುತ್ತಿತ್ತು. ಅದರಿಂದ ಬರೆಯುವುದು ಸುಲಭವಾಯಿತು.

ಪರೀಕ್ಷೆಗೆಂದು ನಾನು ಕಳಿಸಿದ ಕಡತದಲ್ಲಿ ಕೊಬ್ಬರಿ ಎಂಬ ಪದ ಹೆಜ್ಜೆಹೆಜ್ಜೆಗೂ ಇತ್ತು. ಒಂದು ಅಕ್ಷರದ ಕಾಲಡಿಯಲ್ಲಿ ಇನ್ನೊಂದು ಅಕ್ಷರ ಹೇಗೆ ಬಂದು ಕೂರುತ್ತದೆ, ಇದೇನು ಪದಾರ್ಥ ಎಂದು ಅವರು ಕೇಳಿದರು. ಒತ್ತಕ್ಷರವನ್ನು ವಿವರಿಸಿ, ಕೊಬ್ಬರಿಯ ವಿಷಯಕ್ಕೆ ಬಂದೆ. ನಮ್ಮಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ, ಒಳಗಿನ ನೀರು ತಾನಾಗಿ ಇಂಗುತ್ತದೆ. ಒಣಗಿದೆಯೇ ಎಂದು ತಿಳಿಯಲು ಒಡೆದು ನೋಡುವಂತಿಲ್ಲ, ಹಸಿಯಿದ್ದರೆ ಅದು ಕೆಟ್ಟಂತೆಯೇ. ಆದ್ದರಿಂದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಇಲ್ಲದಿದ್ದರೆ ಸದ್ದಿಲ್ಲ, ಮತ್ತೆ ಅಟ್ಟಕ್ಕೆ. ನನ್ನ ತಂದೆ ಹೀಗೆ ಮಾಡುವುದನ್ನು ನೋಡಿ ಬೆಳೆದವಳು ನಾನು ಎಂದು ಬರೆದೆ.

ನಿಕಿತಾಗೆ ಇದು ಬಹಳ ಹಿಡಿಸಿತು. ತಮ್ಮ ಕೆಲಸವೂ ಅದೇ ಎಂದರು. ಅಪರಿಚಿತ ತಂತ್ರಾಂಶವನ್ನು ಹೊರಗಿನ ಸಂಪರ್ಕವಿಲ್ಲದ ಯಂತ್ರವೊಂದರೊಳಗೆ ಕೂಡಿಹಾಕಿ ಓಡಿಸುತ್ತಾರೆ. ಅದು ಏನನ್ನಾದರೂ ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆಯೇ, ಎಲ್ಲಿಗಾದರೂ ಕಳಿಸಲು ಹವಣಿಸುತ್ತದೆಯೇ ಎಂದು ಗಮನಿಸುತ್ತಾರೆ. ಕೆಲವು ದಿನಗಳ ತರುವಾಯ ಒಂದೇ ಸಾಲಿನ ಇಮೇಲ್ ಬಂತು: “ನಿಮ್ಮ ಕಾಯಿಯನ್ನು ಅಲ್ಲಾಡಿಸಿ ಕೇಳಿದೆ. ಒಣಗಿದೆ.” ಅಂದಿನಿಂದ ಕೆಂಪು ಎಚ್ಚರಿಕೆ ನಿಂತಿತು. ಹಲವು ವರ್ಷ ಮೂರೂ ಕಚೇರಿಗಳು ನೆಮ್ಮದಿಯಾಗಿ ಕನ್ನಡ ಬರೆದವು.

ಆಮೇಲೆ ಲೋಕದಲ್ಲಿ ಒಂದು ಕಡೆ ಯುದ್ಧ ಶುರುವಾಯಿತು. ದೇಶಗಳು ಒಬ್ಬರ ಸಾಮಾನನ್ನು ಒಬ್ಬರು ಅನುಮಾನದಿಂದ ನೋಡತೊಡಗಿದವು. ಸಹಕಾರ ಇಲಾಖೆಯಲ್ಲಿನ ನಮ್ಮ ಮೇಲಿನ ಕಚೇರಿಯಿಂದಲೂ ಸುತ್ತೋಲೆ ಬಂತು. ಆ ಚಳಿದೇಶದ ರಕ್ಷಣಾ ತಂತ್ರಾಂಶವನ್ನು ತೆಗೆಯಬೇಕು, ಸ್ನೇಹದೇಶವೊಂದರ ತಂತ್ರಾಂಶವನ್ನು ಹಾಕಲಾಗುವುದು, ಚಳಿದೇಶದಿಂದ ಬರುವ, ಅಲ್ಲಿಗೆ ಹೋಗುವ ಇಮೇಲ್‌ಗಳನ್ನು ತಡೆಯಲಾಗುವುದು ಎಂದಿತ್ತು.

ಆಡಳಿತ ಮಂಡಳಿಯ ಸಭೆಯಲ್ಲಿ ಶಿವಲಿಂಗಪ್ಪನವರು ನನ್ನನ್ನು ಕರೆಸಿದರು. “ಆ ದೇಶದೋರು ನಮ್ಮ ಕೊಬ್ರಿ ರೇಟು ತಿಳ್ಕಂಡು ಏನ್ ಮಾಡ್ತಾರಮ್ಮ? ಅವರೇನು ಒಬ್ಬಟ್ಟು ಮಾಡ್ತಾರಾ?”

ಸಭೆ ನಕ್ಕಿತು. ನನಗೆ ನಗಲಾಗಲಿಲ್ಲ, ಏಕೆಂದರೆ ಸರಿಯಾದ ಉತ್ತರ ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: “ಆ ಕಂಪನಿ ನಮಗೆ ಮೋಸ ಮಾಡಿದ್ದಕ್ಕೆ ನನ್ನ ಹತ್ತಿರ ಯಾವ ಆಧಾರವೂ ಇಲ್ಲ ಸಾರ್. ಆದರೆ ಈ ತಂತ್ರಾಂಶ ನಮ್ಮ ಮನೆಯ ಎಲ್ಲ ಕೋಣೆಗೂ ಹೋಗಿಬರುವ ಕಾವಲುಗಾರನ ಹಾಗೆ. ದಿನಾ ಅವನಿಗೆ ಅವನ ಊರಿನಿಂದ ಹೊಸ ಅಪ್ಪಣೆ ಬರುತ್ತದೆ. ಆ ಊರಿನ ಯಜಮಾನರು ನಾಳೆ ಏನಾದರೂ ಬೇರೆ ಹೇಳಿದರೆ ಅವನು ಇಲ್ಲ ಅನ್ನುವುದಕ್ಕೆ ಆಗುತ್ತದೋ ಇಲ್ಲವೋ, ನಮಗೆ ಗೊತ್ತಾಗುವುದಿಲ್ಲ.”

“ಅಂಗಾದ್ರೆ ಹೊಸಬನಿಗೂ ಒಬ್ಬ ಯಜಮಾನ ಇರ್ತಾನಲ್ಲ?” ಎಂದರು ಸಭೆಗೆ ಬಂದಿದ್ದ ಪುಟ್ಟಸ್ವಾಮಿ.

“ಇರುತ್ತಾನೆ ಸಾರ್.”

“ಸರಿ ಬಿಡಿ. ಬೀಗ ಒಡೆಯೋರಿಗೆ ಹೇಳಿಕಳಿಸ್ತೀನಿ,” ಎಂದು ಅವರೇ ಮುಗಿಸಿದರು.

ಪುಟ್ಟಸ್ವಾಮಿಯವರ ಪ್ರಶ್ನೆ ತಮಾಷೆಯದಾಗಿರಲಿಲ್ಲ. ಅನುಮಾನಪಡುವುದು ತಪ್ಪಲ್ಲ, ನಮ್ಮ ಕೆಲಸವೇ ಅದು. ಆದರೆ ಅನುಮಾನವನ್ನು ದೇಶದ ಹೆಸರಿಗೆ ಅಂಟಿಸಿ ಅಲ್ಲಿಗೇ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಅದೇ ಸಮಯದಲ್ಲಿ ಹಳೇಬೀಡಿನಲ್ಲಿ ನೋಡಿದೆ. ಅಲ್ಲಿನ ಗೋದಾಮಿನ ಕ್ಯಾಮೆರಾಗಳು ನೆರೆಯ ದೇಶವೊಂದರವು. ಮಂಡಳಿಯ ಸದಸ್ಯರೊಬ್ಬರು, ಆ ದೇಶದವರು ಅಲ್ಲೇ ಕುಳಿತು ನಮ್ಮ ಚೀಲ ಎಣಿಸುತ್ತಿದ್ದಾರೆಂದು ಪಟ್ಟುಹಿಡಿದು ಕ್ಯಾಮೆರಾಗಳನ್ನು ಬದಲಿಸಿದರು. ಹೊಸ ಪೆಟ್ಟಿಗೆಯ ಮೇಲೆ ನಮ್ಮ ಬಾವುಟದ ಬಣ್ಣಗಳಿದ್ದವು. ಗೋಡೆಗೆ ಕೂರಿಸುವಾಗ ಒಂದರ ಮುಚ್ಚಳ ಸಡಿಲವಾಗಿ ಕಳಚಿತು. ಒಳಗೆಲ್ಲ ಅದೇ ನೆರೆದೇಶದ ಲಿಪಿ. ಶಿವಲಿಂಗಪ್ಪನವರು ಕನ್ನಡಕ ಏರಿಸಿ ಇಣುಕಿ ನೋಡಿದರು.

“ಚಿಪ್ಪು ನಮ್ದು, ಒಳಗಿನ ಕೊಬ್ರಿ ಅವರ್ದೇ ಕಣಮ್ಮ. ಮುಚ್ಚಿಬಿಡು.”

ಅದನ್ನು ಮುಚ್ಚಿದೆವು. ಆದರೆ ಆ ಕ್ಯಾಮೆರಾಗಳಿಗೆ ಇಂಟರ್ನೆಟ್ ಸಂಪರ್ಕ ಬೇಡವೆಂದು ನಾನು ಹೇಳಿದ್ದನ್ನು ಅವರು ಒಪ್ಪಿದರು. ಯಾರ ಕೊಬ್ಬರಿಯಾದರೂ ಆಗಲಿ, ಗೋದಾಮಿನ ಚಿತ್ರ ಗೋದಾಮಿನಲ್ಲೇ ಇರಲಿ ಎಂಬುದು ನನ್ನ ವಾದ.

ಸುತ್ತೋಲೆಯಂತೆ ನಿಕಿತಾ ಅವರ ಕಂಪನಿಯ ತಂತ್ರಾಂಶವನ್ನು ನಾನೇ ಮೂರೂ ಕಚೇರಿಗಳಲ್ಲಿ ತೆಗೆದೆ. ವಿಷಯ ತಿಳಿಸೋಣವೆಂದರೆ ಇಮೇಲ್ ಹೋಗುವಂತಿರಲಿಲ್ಲ. ಸರಿಯೆನಿಸಿದ ಕೆಲಸ ಮಾಡುವಾಗಲೂ ಮನಸ್ಸಿಗೆ ಇರುಸುಮುರುಸಾಗುವುದುಂಟು ಎಂದು ಆಗ ತಿಳಿಯಿತು.

ಹೊಸ ತಂತ್ರಾಂಶ ಬಂದದ್ದು ಬೆಂಬಲ ಬೆಲೆ ಖರೀದಿಯ ನೋಂದಣಿ ನಡೆಯುತ್ತಿದ್ದ ವಾರದಲ್ಲಿ. ಬೆಳೆಗಾರರ ಹೆಸರನ್ನು ಪಹಣಿಯಲ್ಲಿ ಇರುವಂತೆ ಕನ್ನಡದಲ್ಲೇ ನಮೂದಿಸಬೇಕು. ಒಂದಕ್ಷರ ತಪ್ಪಿದರೂ ಖರೀದಿಯ ದಿನ ಚೀಲಗಳು ವಾಪಸ್. ನೋಂದಣಿಗೆ ಶನಿವಾರ ಕೊನೆ. ಬುಧವಾರ ಬೆಳಿಗ್ಗೆ ಅರಸೀಕೆರೆಯಲ್ಲಿ ಬೆರಳಚ್ಚು ಮಾಡಿದರೆ ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರ. ಅಷ್ಟರಲ್ಲಿ ಹಳೇಬೀಡಿನಿಂದ ಫೋನು, ಬೇಲೂರಿನಿಂದ ಫೋನು. ಹೊಸ ಕಾವಲುಗಾರ ಬೇಲೂರು ಕೀಲಿಮಣೆಯನ್ನು ಕಳ್ಳನೆಂದು ಹಿಡಿದು ಒಳಗೆ ಹಾಕಿದ್ದ. ನಮ್ಮ ದಾಖಲೆಗಳೆಲ್ಲ ಹಳೆಯ ಅಕ್ಷರ ಪದ್ಧತಿಯವಾದ್ದರಿಂದ ಬೇರೆ ಕೀಲಿಮಣೆಯಲ್ಲಿ ಬರೆದರೆ ಚೌಕ ಚೌಕ ಬರುತ್ತಿತ್ತು. ಬಿಡಿಸೋಣವೆಂದರೆ ಈ ಬಾರಿ ಅಧಿಕಾರ ನಮ್ಮಲ್ಲಿರಲಿಲ್ಲ, ಮೇಲಿನ ಕಚೇರಿಯಲ್ಲಿತ್ತು. ಅಲ್ಲಿಗೆ ಫೋನು ಮಾಡಿದೆ.

“ಕಂಪನಿಯವರು ಸರಿ ಇದೆ ಅಂದ್ರೆ ನಾವೂ ಬಿಡ್ತೀವಿ ಮೇಡಂ. ನಮ್ಮಷ್ಟಕ್ಕೆ ನಾವು ಬಿಡೋಕಾಗಲ್ಲ,” ಎಂದರು ಅಲ್ಲಿನ ಅಧಿಕಾರಿ. ಅವರ ಮಾತು ನಿಯಮದ ಪ್ರಕಾರ ಸರಿಯಾಗಿತ್ತು. ಕಂಪನಿಗೆ ಬರೆದರೆ, ನಿಮ್ಮ ಮನವಿ ನಮಗೆ ಬಹಳ ಮುಖ್ಯ ಎಂಬ ಯಾಂತ್ರಿಕ ಉತ್ತರ ಬಂತು. ಅದೇ ಉತ್ತರ ಮಧ್ಯಾಹ್ನವೂ ಬಂತು.

ಕಚೇರಿಯ ಮುಂದೆ ಸಾಲು ಬೆಳೆಯುತ್ತಿತ್ತು. ಸಾಲಿನ ಮೊದಲಲ್ಲಿ ಮಾಲೇಕಲ್ಲಿನ ಕಡೆಯ ಕಲ್ಲಮ್ಮ ನಿಂತಿದ್ದರು. ಗಂಡ ತೀರಿದ ಮೇಲೆ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದವರು. ಹಿಂದಿನ ಸಲ ಅವರು ಬೇರೆ ಕೇಂದ್ರದಲ್ಲಿ ನೋಂದಾಯಿಸಿದ್ದರು. ಅಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಂಡದ್ದರಿಂದ ಕನ್ನಡಕ್ಕೆ ಬರುವಾಗ ಕಲ್ಲಮ್ಮ ಹೋಗಿ ಕಾಳಮ್ಮ ಆಗಿದ್ದರು. ಗಾಡಿಯಲ್ಲಿ ತಂದ ಕೊಬ್ಬರಿಯನ್ನು ಹಾಗೇ ಹಿಂದಕ್ಕೆ ಒಯ್ಯಬೇಕಾಯಿತು.

“ಈ ಸಲ ನನ್ನ ಹೆಸ್ರು ಕಣ್ಣಲ್ಲಿ ನೋಡೇ ಹೋಗೋದು ನಾನು,” ಎಂದು ಅವರು ಕಿಟಕಿ ಬಿಡಲಿಲ್ಲ. “ಲ ಕೆಳಗೆ ಲ ಇರ್ಬೇಕು. ನಮ್ಮ ಮೊಮ್ಮಗಳು ತೋರ್ಸವ್ಳೆ.”

ಹಿಂದಿದ್ದವರೊಬ್ಬರು, “ಕಾಳಮ್ಮ ಆದ್ರೇನು ಕಲ್ಲಮ್ಮ ಆದ್ರೇನು, ಸರ್ಕೊಳ್ಳಿ ಅತ್ಲಾಗೆ,” ಎಂದರು.

“ನಿಮ್ಮನ್ನ ಮಲ್ಲಪ್ಪ ಬಿಟ್ಟು ಮಾಲಪ್ಪ ಅಂತ ಕರೀಲೇನು? ಆಗ ಗೊತ್ತಾಯ್ತದೆ.”

ನಾನು ನಾಳೆ ಬನ್ನಿರೆಂದು ಹೇಳಿ ಒಳಗೆ ಬಂದೆ.

ಕಂಪ್ಯೂಟರ್ ರಕ್ಷಣೆಯ ಕೆಲಸ ಮಾಡುವವರು ಊರು ದೇಶ ನೋಡದೆ ಒಬ್ಬರಿಗೊಬ್ಬರು ಉತ್ತರಿಸುವ ಚರ್ಚಾ ತಾಣಗಳು ಇಂಟರ್ನೆಟ್ಟಿನಲ್ಲಿ ಹಿಂದೆ ಹಲವಿದ್ದವು. ಯುದ್ಧ ಶುರುವಾದ ಮೇಲೆ ಅವುಗಳಲ್ಲಿ ಕೆಲವು ಇಂಥ ದೇಶದವರು ಬರಬಾರದೆಂದು ಬಾಗಿಲು ಹಾಕಿಕೊಂಡಿದ್ದವು. ಒಂದು ಮಾತ್ರ ಎಲ್ಲರಿಗೂ ತೆರೆದೇ ಇತ್ತು. ಕೆಲವು ಉತ್ಸಾಹಿಗಳು ಸೇರಿ ನಡೆಸುತ್ತಿದ್ದ ತಾಣ ಅದು. ಅಲ್ಲಿ ನಮ್ಮ ಕಷ್ಟವನ್ನು ಬರೆದೆ. ಬೇಲೂರಿನ ಎಂಜಿನಿಯರು ತಮ್ಮ ತಂತ್ರಾಂಶದ ಒಳಗನ್ನೆಲ್ಲ ಎಂದೋ ಬಯಲಿಗಿಟ್ಟಿದ್ದರಾದ್ದರಿಂದ ಅದನ್ನೂ ಜೊತೆಗೆ ಹಾಕಿದೆ. ಪ್ರತಿ ವಾಕ್ಯವನ್ನೂ ತಿದ್ದಿದೆ, ಆದರೆ ಈ ಸಲ ಕೀಲಿ ಎಂಬ ಪದಕ್ಕೆ ವಿವರಣೆ ಕೊಟ್ಟೆ.

ಗುರುವಾರ ಬೆಳಿಗ್ಗೆ ಮೊದಲ ಉತ್ತರ ಸಿಂಹಳದಲ್ಲಿ ಬರೆಯುವವರೊಬ್ಬರಿಂದ ಬಂದಿತ್ತು: ತಮ್ಮ ಕೀಲಿಮಣೆಯನ್ನೂ ಅದು ಹಿಡಿದಿದೆ. ಮುಂದಿನದು ಇಥಿಯೋಪಿಯಾದ ಶಾಲಾ ಶಿಕ್ಷಕಿಯದು: ತಮ್ಮದನ್ನೂ. ನಾವೊಬ್ಬರೇ ಅನಾಥರೆಂದುಕೊಂಡಿದ್ದೆ, ಸಣ್ಣ ಲಿಪಿಗಳವರೆಲ್ಲ ಒಂದೇ ಲಾಕಪ್ಪಿನಲ್ಲಿದ್ದೆವು. ಆದರೆ ಕಷ್ಟ ಹೇಳಿಕೊಂಡವರ ಸಂಖ್ಯೆ ಹೆಚ್ಚಿತೇ ಹೊರತು ಬಿಡಿಸುವವರು ಯಾರೂ ಕಾಣಲಿಲ್ಲ. ಸಂಜೆ ಕಚೇರಿ ಮುಚ್ಚುವ ಮೊದಲು ಮತ್ತೊಮ್ಮೆ ನೋಡಿದೆ. ದೇಶದ ಜಾಗ ಖಾಲಿ ಬಿಟ್ಟಿದ್ದವರೊಬ್ಬರು ಒಂದೇ ಪ್ರಶ್ನೆ ಹಾಕಿದ್ದರು.

“ಇದನ್ನು ಯಾರಾದರೂ ಅಲ್ಲಾಡಿಸಿ ಕೇಳಿದ್ದೀರಾ?”

ಲೋಕದಲ್ಲಿ ಆ ಮಾತನ್ನು ತಂತ್ರಾಂಶದ ಬಗ್ಗೆ ಆಡುವವರು ಒಬ್ಬರೇ ಇದ್ದರು. ನಾನು ಎದ್ದು ನೇರವಾಗಿ ಅಧ್ಯಕ್ಷರ ಕೋಣೆಗೆ ಹೋದೆ. ಸಂತೋಷಕ್ಕಿಂತ ಭಯವೇ ಮುಂದಿತ್ತು. ಸುತ್ತೋಲೆಯಿರುವಾಗ ನಾನು ಉತ್ತರಿಸಬಹುದೇ ಎಂದು ಕೇಳಿದೆ.

ಶಿವಲಿಂಗಪ್ಪನವರು ಸುತ್ತೋಲೆಯನ್ನು ತರಿಸಿ ಬೆರಳಿಟ್ಟುಕೊಂಡು ಓದಿದರು. “ಅವರ ಸಾಮಾನು ಬ್ಯಾಡ ಅಂದವ್ರೆ. ಇಮೇಲು ಬ್ಯಾಡ ಅಂದವ್ರೆ. ನಾಲ್ಕು ಜನದ ಮುಂದೆ ಮಾತಾಡಬ್ಯಾಡ ಅಂತ ಎಲ್ಲೂ ಬರ್ದಿಲ್ಲ.” ಕಾಗದವನ್ನು ಮಡಿಸಿದರು. “ಗುಟ್ಟಾಗಿ ಏನೂ ಬ್ಯಾಡ. ಎಲ್ಲಾರಿಗೂ ಕಾಣೋ ಹಂಗೆ ಬರಿ, ಮೇಲಿನ ಆಫೀಸಿಗೂ ಒಂದು ಪ್ರತಿ ಹಾಕು.”

ಹಾಗೆಯೇ ಮಾಡಿದೆ. ಎಲ್ಲರಿಗೂ ಕಾಣುವಂತೆ, “ಸೋದರಿ ನಿಕಿತಾ, ಕ್ಷೇಮವೇ?” ಎಂದು ಬರೆದೆ. ಕ್ಷೇಮ, ಗಡ್ಡ ಬೆಳ್ಳಗಾಗಿದೆ ಎಂದು ಉತ್ತರ ಬಂತು. ಅದರ ಕೆಳಗೆ ಅವರು ನಮ್ಮ ಕೀಲಿಮಣೆಯನ್ನು ಮುಚ್ಚಿದ ಯಂತ್ರದಲ್ಲಿ ಓಡಿಸಿ ಕಂಡದ್ದನ್ನೆಲ್ಲ ಬರೆದಿದ್ದರು. ಅದು ಅಕ್ಷರವನ್ನು ಬದಲಿಸುತ್ತದೆ, ಏನನ್ನೂ ಉಳಿಸಿಕೊಳ್ಳುವುದಿಲ್ಲ, ಎಲ್ಲಿಗೂ ಕಳಿಸುವುದಿಲ್ಲ. ಕೊನೆಯಲ್ಲಿ, ನನ್ನ ದೇಶದ ಕಾರಣಕ್ಕೆ ನನ್ನ ಮಾತನ್ನು ನಂಬದಿರುವವರು ದಯವಿಟ್ಟು ನಂಬಬೇಡಿ, ಇದೇ ರೀತಿ ನೀವೇ ಮಾಡಿ ನೋಡಿ ಎಂದು ಸೇರಿಸಿದ್ದರು.

ಶುಕ್ರವಾರ ಮಧ್ಯಾಹ್ನ ಹೊಸ ಕಂಪನಿಯ ಎಂಜಿನಿಯರೊಬ್ಬರು ಅದೇ ತಾಣದಲ್ಲಿ ಕಾಣಿಸಿಕೊಂಡರು. ತಾವು ಆ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಮಾಡಿದ್ದಾಗಿಯೂ ಫಲಿತಾಂಶ ಒಂದೇ ಬಂದಿದ್ದಾಗಿಯೂ ಬರೆದರು. ಸಿಂಹಳ ಮತ್ತು ಇಥಿಯೋಪಿಯಾದ ಕೀಲಿಮಣೆಗಳನ್ನೂ ನೋಡಿದ್ದರು. ಮೇಲಿನ ಕಚೇರಿಯ ಅಧಿಕಾರಿ ಫೋನು ಮಾಡಿ, “ನಮ್ಮ ಕಂಪನಿಯವರೇ ಟೆಸ್ಟ್ ಮಾಡಿದ್ದಾರಲ್ಲ ಮೇಡಂ, ಇನ್ನೇನು,” ಎಂದರು. ಅವರ ದನಿಯಲ್ಲೂ ಒಂದು ನಿರಾಳವಿತ್ತು.

ಶನಿವಾರ ಬೆಳಿಗ್ಗೆ ಯಂತ್ರ ಆರಂಭವಾದಾಗ ಬೇಲೂರು ಕೀಲಿಮಣೆ ಬಿಡುಗಡೆಯಾಗಿತ್ತು. ಕಲ್ಲಮ್ಮ ಆಗಲೇ ಕಿಟಕಿಯಲ್ಲಿದ್ದರು. ಪರದೆಯನ್ನು ಅವರ ಕಡೆ ತಿರುಗಿಸಿ ಬೆರಳಚ್ಚು ಮಾಡಿದೆ. ಕ ಬಂತು. ಲ ಬಂತು. ಅದರ ಕೆಳಗೆ ಇನ್ನೊಂದು ಲ ಬಂದು ಕುಳಿತಿತು.

“ಕೂತ್ಕಂತು,” ಎಂದರು ಕಲ್ಲಮ್ಮ. ಹಿಂದೆ ತಿರುಗಿ, “ಬನ್ನಿ ಮಾಲಪ್ಪನೋರೆ, ಈಗ ನಿಮ್ದು,” ಎಂದರು.

ಅಂದು ಮೂರೂ ಕಚೇರಿಗಳು ಊಟ ಮರೆತು ಕೆಲಸ ಮಾಡಿದವು. ಸಂಜೆಗೆ ಸಾಲು ಕರಗಿತು. ಪುಟ್ಟಸ್ವಾಮಿ ಬೇಲೂರಿನಿಂದ ಫೋನು ಮಾಡಿ, “ನಾಗರತ್ನಮ್ಮ, ಬಿಕ್ಕೋಡಿನ ಕಡೆಯಿಂದ ಕೊನೇ ಜೀಪಲ್ಲಿ ಬಂದವ್ರದ್ದೂ ಆಯ್ತು. ಬೀಗ ಹಾಕ್ಲಾ? ಕೀಲಿ ಹೊರಗೇ ಐತೆ,” ಎಂದರು.

ಖರೀದಿಯ ದಿನ ಕಲ್ಲಮ್ಮನವರ ಚೀಲಗಳು ಒಂದೂ ಹಿಂದಿರುಗಲಿಲ್ಲ. ಅವರು ನನ್ನ ಮೇಜಿನ ಬಳಿ ಬಂದು, ಹೆಸರು ಸರಿಮಾಡಿದವರು ಯಾರೆಂದು ಕೇಳಿದರು. ಬೇರೆ ದೇಶದ ಒಬ್ಬರು, ತೆಂಗಿನ ಮರವನ್ನೇ ನೋಡಿಲ್ಲದವರು ಎಂದೆ. ಅವರು ಸೆರಗಿನ ಮರೆಯಿಂದ ಚಿಪ್ಪು ಸಮೇತವಾದ ಒಂದು ಒಣಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನನ್ನ ಕೈಗಿತ್ತರು.

“ನಮ್ಮ ಅಟ್ಟದ್ದು. ಆವಪ್ಪಂಗೆ ಕಳ್ಸಿಬಿಡವ್ವ.”

ಅಂಚೆ ಕಚೇರಿಯಲ್ಲಿ ಆ ದೇಶಕ್ಕೆ ಸದ್ಯಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲವೆಂದರು. ನಾನು ನಿವೃತ್ತಳಾದ ಮೇಲೂ ಪೇಟೆಗೆ ಹೋದಾಗಲೆಲ್ಲ ವಿಚಾರಿಸುತ್ತೇನೆ. ಈಗೀಗ ನಾನು ಬಾಗಿಲಲ್ಲಿ ಕಂಡರೆ ಸಾಕು, ಗುಮಾಸ್ತರು ಕೌಂಟರಿನಿಂದಲೇ ತಲೆಯಾಡಿಸಿಬಿಡುತ್ತಾರೆ. ಕಲ್ಲಮ್ಮನವರ ಕಾಯಿ ನನ್ನ ಓದುವ ಮೇಜಿನ ಮೇಲಿದೆ. ಅದಕ್ಕೊಂದು ಚೀಟಿ ಕಟ್ಟಿದ್ದೇನೆ, ಇಂಗ್ಲಿಷಿನಲ್ಲಿ ವಿಳಾಸ, ಕೆಳಗೆ ಕನ್ನಡದಲ್ಲಿ ಹೆಸರು.

ಈ ಬರಹ ಎಲ್ಲಿಗೆ ಬಂತೆಂದು ನೋಡಲು ಚೈತ್ರಾ ನಿನ್ನೆ ಬಂದಿದ್ದಳು. ಮಾತಿನ ನಡುವೆ ಕಾಯಿಯನ್ನು ಕೈಗೆತ್ತಿಕೊಂಡು, ನಮ್ಮ ಕಡೆಯ ಯಾರೇ ಆದರೂ ಮಾಡುವಂತೆ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಅದು ಗಡಗಡ ಎಂದಿತು.

“ಚೆನ್ನಾಗಿ ಒಣಗಿದೆ ಮೇಡಂ. ಒಡೀಲಾ?” ಎಂದವಳು ಚೀಟಿ ಓದಿದಳು. “ಸೋದರಿ ನಿಕಿತಾ. ಯಾರು ಮೇಡಂ, ನಿಮ್ಮ ತಂಗಿನಾ?”

“ಹೌದಮ್ಮ, ಗಡ್ಡ ಬಿಟ್ಟಿರುವ ತಂಗಿ,” ಎಂದೆ. “ಅದು ಅವರ ಕಾಯಿ. ಅಲ್ಲೇ ಇಡು.”